ಅಟ್ಟದ ಮೇಲಿನ ಕಿಟಕಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಅಡುಗೆಮನೆ ಒಡೆದು ನೋಡು ಎಂದು ಸೇರಿಸಲು ಮರೆತಿದ್ದಾರೆ. ಹೇಳಿದವರು ಗಂಡಸರಿರಬೇಕು. ಬೆಳಗಾವಿಯ ಶಹಾಪುರದ ಕಲ್ಲಯ್ಯ ಮಾಸ್ತರರ ಮನೆಯಲ್ಲಿ ಆ ವರ್ಷದ ಮಳೆಗಾಲಕ್ಕೆ ಅಡುಗೆಮನೆಯ ಹಂಚು ಸೋರಿ, ಒಂದು ತೊಲೆ ಬಾಗಿ, ಕೊನೆಗೆ ಹಿಟ್ಟಿನ ಡಬ್ಬಿಗೂ ನೀರು ಬಿದ್ದಮೇಲೆ ಇನ್ನು ಮುಂದೂಡುವಂತಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ದಸರೆ ಮುಗಿಸಿ ಕೆಲಸ ಹಿಡಿಯೋಣ ಎಂದು ಮಗ ಚೇತನ ಹೇಳಿದ. ಜಗಳ ಮಾತ್ರ ದಸರೆಗೆ ಕಾಯಲಿಲ್ಲ.

ಅಡುಗೆಮನೆ ಎಂದರೆ ಮನೆಯ ಹಿಂಬದಿಯ ಒಂದು ಕತ್ತಲೆ ಕೋಣೆ. ನೆಲಕ್ಕೆ ಕರಿಕಲ್ಲು. ಒಂದು ಬದಿಗೆ ಕಲ್ಲಿನ ಕಟ್ಟೆ, ಅದರ ಮೇಲೆ ಉರಿಯದೆ ಎಷ್ಟೋ ವರ್ಷವಾದ ಮಣ್ಣಿನ ಒಲೆ, ಒಲೆಯ ಮಗ್ಗುಲಲ್ಲಿ ಗ್ಯಾಸು. ಮೇಲೆ ಹೊಗೆ ಕುಡಿದು ಕುಡಿದು ಮಿರುಗುವ ಕರಿ ತೊಲೆಗಳು. ಹಿಂದಿನ ಗೋಡೆಯಲ್ಲಿ ಎದೆಮಟ್ಟಕ್ಕೆ ಕಲ್ಲು ಬಿಟ್ಟು ಮಾಡಿದ ಗೂಡು, ಒಂದು ಮಾಡ. ಆ ಗೋಡೆಯಾಚೆ ಇಕ್ಕಟ್ಟಿನ ಓಣಿ, ಓಣಿಯಾಚೆ ನೇಕಾರರ ಮನೆಗಳು, ಹಗಲೆಲ್ಲ ಮಗ್ಗದ ಸದ್ದು. ಇಷ್ಟು ದೊಡ್ಡ ಕೋಣೆಗೆ ಕಿಟಕಿ ಒಂದೂ ಇಲ್ಲ. ಬಿಸಿಲೇರಿದ ಮೇಲೂ ಬಲ್ಬು ಹಾಕಿಯೇ ಒಳಗೆ ಹೋಗಬೇಕು.

ಸೊಸೆ ನೇತ್ರಾ ಟಿಳಕವಾಡಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಹಳೆಯ ಬಾಗಿಲು, ಹಳೆಯ ಬೀಗ, ಹಳೆಯ ಹಂಡೆ ಎಂದರೆ ಅವಳಿಗೆ ಪ್ರಾಣ. ಎಲ್ಲರ ಮನೆಯಲ್ಲೂ ಹೊಳೆಯುವ ಕಪಾಟು, ಹೊಳೆಯುವ ಕಲ್ಲು ಬಂದು ಅಡುಗೆಮನೆಗಳೆಲ್ಲ ದವಾಖಾನೆಯ ಹಾಗೆ ಕಾಣುತ್ತಿವೆ, ನಮ್ಮದು ಹಾಗಾಗಬಾರದು ಎಂದು ಅವಳ ಹಟ. ಹಂಚು ಬದಲಿಸೋಣ, ನಲ್ಲಿ ಒಳಗೆ ತರೋಣ, ಆದರೆ ಕಟ್ಟೆ, ಒಲೆ, ಮಾಡ, ತೊಲೆಯ ಆ ಕಪ್ಪು ಬಣ್ಣ ಹೇಗಿದೆಯೋ ಹಾಗೇ ಇರಲಿ ಎಂದು ಮೊಬೈಲಿನಲ್ಲಿ ಚಿತ್ರ ಬರೆದು ತೋರಿಸಿದಳು. ಖಾಸಬಾಗದಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಚೇತನನಿಗೆ ಯಾವುದಾದರೂ ಒಂದು ಬೇಗ ಮುಗಿದರೆ ಸಾಕಾಗಿತ್ತು. ಎಂಬತ್ತರ ಹತ್ತಿರದ ಕಲ್ಲಯ್ಯನವರು ಚಿತ್ರವನ್ನು ದೂರ ಹಿಡಿದು ನೋಡಿ, ಏನಾದರೂ ಮಾಡಿಕೊಳ್ಳಿ, ಆ ಮಾಡವೊಂದನ್ನು ಮುಟ್ಟಬೇಡಿ ಎಂದರು.

ಬಡಿಸುತ್ತಿದ್ದ ಕಾಂತಾ ಕೈಯಲ್ಲಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಎಲ್ಲಾ ಒಡದ ಬಿಡ್ರಿ. ಮಾಡನೂ ಒಡೀರಿ, ಕಟ್ಟೀನೂ ಒಡೀರಿ, ಒಲೀನೂ ಒಡೀರಿ. ಒಂದೂ ಉಳಸಬ್ಯಾಡ್ರಿ."

ಅರವತ್ತು ದಾಟಿದ ಆ ಹೆಂಗಸು ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಏನನ್ನೂ ಕೇಳಿದವಳಲ್ಲ. ಅತ್ತೆ ಹಳೆಯದನ್ನು ಹಿಡಿದು ಕೂಡುತ್ತಾಳೆ, ಸೊಸೆ ಹೊಸದು ಬೇಕೆನ್ನುತ್ತಾಳೆ ಎನ್ನುವುದು ಲೋಕದ ರೂಢಿ. ಇಲ್ಲಿ ತಿರುಗುಮುರುಗಾಗಿತ್ತು. ಅತ್ತೆಯವರಿಗೆ ತಮ್ಮ ಅಕ್ಕನ ಮನೆಯ ಥರ ಥಳಥಳ ಅಡುಗೆಮನೆ ಬೇಕಾಗಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ನೇತ್ರಾ ಗಂಡನ ಹತ್ತಿರ ಗೊಣಗಿದಳು. ಅವಳ ತಪ್ಪೇನಿಲ್ಲ. ಅವಳಿಗೆ ಆ ಮಾಡದ ಅರ್ಧ ಕತೆಯಷ್ಟೇ ಗೊತ್ತಿತ್ತು.

ಮಾಡದಲ್ಲಿ ಕುಪ್ಪಸದ ಒಂದು ಹಸಿರು ಖಣ, ಒಂದು ಒಣಕೊಬ್ಬರಿ, ಒಂದು ಹಿತ್ತಾಳೆ ತಟ್ಟೆ. ಅದು ಸಾತವ್ವನ ಜಾಗ. ಸಾತವ್ವ ಕಲ್ಲಯ್ಯನವರ ಮೊದಲ ಹೆಂಡತಿ, ಖಾನಾಪುರದವಳು. ಮದುವೆಯಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಜ್ವರ ಬಂದು ತೀರಿಕೊಂಡಳಂತೆ. ವರ್ಷ ತುಂಬಿದ ಮೇಲೆ ಬೈಲಹೊಂಗಲದ ಕಡೆಯಿಂದ ಕಾಂತಾ ಎರಡನೆಯವಳಾಗಿ ಬಂದಳು. ಅತ್ತೆ ಬಸಲಿಂಗವ್ವ ಹೊಸ ಸೊಸೆಯನ್ನು ಅಡುಗೆಮನೆಗೆ ಕರೆದೊಯ್ದು ಮೊದಲು ತೋರಿಸಿದ್ದು ಒಲೆಯನ್ನಲ್ಲ, ಆ ಮಾಡವನ್ನು. ಮೊದಲ ಎಡೆ ಸಾತವ್ವನಿಗೆ, ಆಮೇಲೆ ಗಂಡಸರಿಗೆ, ಉಳಿದದ್ದು ನಮಗೆ ಎಂದಳು.

ಅಂದಿನಿಂದ ಕಾಂತಾಳಿಗೆ ಇಬ್ಬರು ಅತ್ತೆಯರಾದರು, ಒಬ್ಬಳು ಇದ್ದವಳು, ಒಬ್ಬಳು ಸತ್ತವಳು. ಉಪ್ಪಿನ ಭರಣಿ ಎಲ್ಲಿಡಲಿ ಎಂದರೆ ಸಾತವ್ವ ಇಟ್ಟಲ್ಲಿ. ಸಾರಿಗೆ ಬೆಲ್ಲ ಎಷ್ಟು ಎಂದರೆ ಸಾತವ್ವ ಹಾಕಿದಷ್ಟು. ಕಾಂತಾ ಜೋಳದ ನಾಡಿನ ಹುಡುಗಿ, ಅವಳು ಬಡಿದ ರೊಟ್ಟಿಗೆ ತವರಿನಲ್ಲಿ ಹೆಸರಿತ್ತು. ಇಲ್ಲಿ ಬಸಲಿಂಗವ್ವ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಸಾತವ್ವನ ರೊಟ್ಟಿ ನೋಡಬೇಕಾಗಿತ್ತು ನೀನು" ಎಂದು ಕೆಳಗಿಡುತ್ತಿದ್ದಳು. ಬಸಲಿಂಗವ್ವ ಸತ್ತು ಇಪ್ಪತ್ತು ವರ್ಷವಾದರೂ ಭರಣಿ ಅಲ್ಲೇ ಇತ್ತು, ಬೆಲ್ಲ ಅಷ್ಟೇ ಬೀಳುತ್ತಿತ್ತು.

ಇನ್ನು ಕಲ್ಲಯ್ಯ ಮಾಸ್ತರರು. ಸತ್ತವರಿಗೆ ಎಡೆ ಇಡುವುದು ಮೂಢತನ, ಬಸವಣ್ಣನವರು ಒಪ್ಪುವುದಿಲ್ಲ ಎಂದು ಊರಿನ ಮಕ್ಕಳಿಗೆಲ್ಲ ಪಾಠ ಮಾಡಿದವರು. ಮನೆಗೆ ಬಂದರೆ ಮಾತ್ರ ಆ ಹಿತ್ತಾಳೆ ತಟ್ಟೆಯಲ್ಲಿ ಅನ್ನ ಬಿದ್ದಿದೆಯೇ ಎಂದು ಕತ್ತು ಹೊರಳಿಸಿ ನೋಡಿಯೇ ಊಟಕ್ಕೆ ಕೂಡುತ್ತಿದ್ದರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಕಾಂತಾ ಅಡುಗೆಮನೆಯಲ್ಲಿ ಯಾವ ಡಬ್ಬಿ ಮುಟ್ಟುವಾಗಲೂ ತುಟಿಯಲ್ಲೇ ಏನೋ ಅನ್ನುತ್ತಿದ್ದಳು. ನೇತ್ರಾ ಅದನ್ನು ಶಿವನಾಮ ಎಂದುಕೊಂಡಿದ್ದಳು, ಅತ್ತೆಯವರ ಭಕ್ತಿಯನ್ನು ಗೆಳತಿಯರ ಮುಂದೆ ಹೊಗಳಿಯೂ ಇದ್ದಳು. ಅದು ಶಿವನಾಮವಾಗಿರಲಿಲ್ಲ.

ಗವಂಡಿ ನಾಗಲಿಂಗ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಬಂದ. ಮಾತು ಜಾಸ್ತಿ, ಕೆಲಸ ಅದರ ಅರ್ಧ. ಈ ಹಳೇ ಕಲ್ಲೆಲ್ಲ ಯಾಕ್ರಿ ಅಕ್ಕಾರ, ಎರಡು ದಿನದಾಗ ಕಿತ್ತು ಗ್ರಾನೈಟ್ ಹಾಕ್ತೀನಿ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದ, ನೇತ್ರಾ ದಿನಕ್ಕೊಮ್ಮೆ ಬೇಡ ಎನ್ನುತ್ತಿದ್ದಳು. ಎಲ್ಲ ಒಡೆಯಬೇಕೋ ಉಳಿಸಬೇಕೋ ಎಂಬುದು ತೀರ್ಮಾನವಾಗಿರಲಿಲ್ಲ. ಮೊದಲು ಹಂಚು ಇಳಿಸು, ಅಟ್ಟ ಖಾಲಿ ಮಾಡು ಎಂದು ಚೇತನ ಹೇಳಿ ಅಂಗಡಿಗೆ ಹೋದ. ತಾಯಿ ಹೆಂಡತಿಯರ ನಡುವೆ ಅವನಿಗೆ ಅತ್ತ ದರಿ, ಇತ್ತ ಪುಲಿ.

ಅಡುಗೆ ಪಡಸಾಲೆಗೆ ಬಂತು. ಹಳೆಯ ಮೇಜಿನ ಮೇಲೆ ಗ್ಯಾಸು, ಕೆಳಗೆ ಡಬ್ಬಿಗಳು, ಬೀದಿಗೆ ತೆರೆದ ದೊಡ್ಡ ಕಿಟಕಿ. ಹೋಗಿಬರುವವರ ಕಣ್ಣೆದುರು ಅಡುಗೆ ಮಾಡಲು ಅವ್ವನಿಗೆ ಸಂಕೋಚವಾದೀತು ಎಂದು ಚೇತನ ಪರದೆ ಕಟ್ಟಲು ಹೋದರೆ ಕಾಂತಾ ಬೇಡ ಎಂದಳು. ಮೊದಲ ದಿನ ಮಾಡಿದ್ದು ಬರೀ ಪುಂಡಿಪಲ್ಲೆ, ರೊಟ್ಟಿ. ಆರನೆಯ ತರಗತಿಯ ಮೊಮ್ಮಗಳು ಸೃಷ್ಟಿ ಒಂದು ತುತ್ತು ತಿಂದು ಅಜ್ಜಿಯನ್ನೇ ನೋಡಿದಳು.

"ಆಯಿ, ಇದು ನಿನ್ನ ಅಡಗಿ ಹಂಗ ಇಲ್ಲ."

"ಇದ ನನ್ನ ಅಡಗಿ" ಎಂದಳು ಕಾಂತಾ.

ಅವಳ ತವರಿನ ಅಡುಗೆ ಅದು. ಬೆಲ್ಲವಿಲ್ಲ, ಖಾರ ಮುಂದು, ಬೆಳ್ಳುಳ್ಳಿ ಕೈತುಂಬ. ಮರುದಿನ ಹಿಂಡಿಪಲ್ಲೆ, ಅದರ ಮರುದಿನ ಕುಚ್ಚಿದ ಖಾರ. ಚೇತನ ಬೆವರೊರೆಸಿಕೊಳ್ಳುತ್ತ ಎರಡು ರೊಟ್ಟಿ ಜಾಸ್ತಿ ತಿಂದ. ಕಾಂತಾ ಬೀದಿಯಲ್ಲಿ ಹೋಗುವ ಕಾಯಿಪಲ್ಲೆಯವಳೊಡನೆ ಕಿಟಕಿಯಿಂದಲೇ ಹರಟುತ್ತ ಒಗ್ಗರಣೆ ಕೊಡುತ್ತಿದ್ದಳು. ಡಬ್ಬಿ ತೆಗೆಯುವಾಗ ತುಟಿ ಅಲುಗುತ್ತಿರಲಿಲ್ಲ. ಅತ್ತೆಯವರು ಶಿವನನ್ನು ಮರೆತರೇ ಎಂದು ನೇತ್ರಾಳಿಗೆ ವಿಚಿತ್ರವೆನಿಸಿತು.

ಕಲ್ಲಯ್ಯನವರಿಗೆ ಮಾತ್ರ ಅನ್ನ ಇಳಿಯಲಿಲ್ಲ. ಎಡೆ ಎಲ್ಲಿ ಎಂದು ಒಂದು ಮಧ್ಯಾಹ್ನ ಕೇಳಿಯೇ ಬಿಟ್ಟರು. ಅವಳು ಒಳಗಿದ್ದಾಳೆ, ಇಲ್ಲಿಲ್ಲ ಎಂದಳು ಕಾಂತಾ. ಧೂಳಿನಲ್ಲಿ ಹೋಗಿ ಇಡಲೇನು, ನೀವೇ ಇಟ್ಟುಬನ್ನಿ ಎಂದಳು. ಕಲ್ಲಯ್ಯನವರು ಅರ್ಧ ಊಟ ಬಿಟ್ಟು ಎದ್ದರು. ತಿಂದು ಏಳ್ರಿ ಎಂದು ಬೇಡಿಕೊಳ್ಳುವ ಹೆಂಡತಿ ಅಂದು ಅವರ ತಟ್ಟೆಯನ್ನು ಸುಮ್ಮನೆ ಎತ್ತಿಟ್ಟಳು. ಕೋಲೂರಿಕೊಂಡು ಹಂಚಿಳಿಸಿದ ಅಡುಗೆಮನೆಯ ಬಾಗಿಲ ತನಕ ಹೋದವರು ಒಳಗೆ ಕಾಲಿಡದೆ ತಿರುಗಿ ಬಂದರು.

ಅಟ್ಟ ಖಾಲಿ ಮಾಡುವಾಗ ಕಿಟಕಿ ಸಿಕ್ಕಿತು. ಉಪ್ಪಿನಕಾಯಿಯ ಭರಣಿಗಳೆಲ್ಲ ಒಂದು ಅಡ್ಡ ಹಲಗೆಯ ಮೇಲೆ ನಿಂತಿದ್ದವು. ಭರಣಿ ಇಳಿಸಿ ನೋಡಿದರೆ ಅದು ಹಲಗೆಯಲ್ಲ, ಸಾಗವಾನಿಯ ಸಣ್ಣ ಕಿಟಕಿ, ಚೌಕಟ್ಟು ಕದ ಸಮೇತ. ಕದದ ಮೇಲೆ ಬಳ್ಳಿಯ ಕೆತ್ತನೆ, ನಡುವೆ ಕಬ್ಬಿಣದ ಸಲಾಕಿ. ನೇತ್ರಾ ಕುಣಿದಾಡುವುದೊಂದು ಬಾಕಿ. ಈ ಅಡುಗೆಮನೆಗೆ ಮೊದಲು ಕಿಟಕಿ ಇತ್ತು, ಯಾರೋ ಮುಚ್ಚಿದ್ದಾರೆ, ಅದರ ಜಾಗ ಹುಡುಕಿ ತೆರೆದರೆ ಕೋಣೆ ಅದರ ಮೂಲ ರೂಪಕ್ಕೆ ಬರುತ್ತದೆ ಎಂದು ಅವಳ ಲೆಕ್ಕ. ನಾಗಲಿಂಗ ಗೋಡೆಗಳಿಗೆಲ್ಲ ಕಿವಿ ಹಚ್ಚಿ ಸುತ್ತಿಗೆಯಿಂದ ಬಡಿದ. ಗಾರೆ ಕೆದರಿದ. ಎಲ್ಲಿಯೂ ಮುಚ್ಚಿದ ಗುರುತಿರಲಿಲ್ಲ. ಆ ಗೋಡೆಗಳಿಗೆ ಎಂದೂ ಕಿಟಕಿ ಇದ್ದಿರಲಿಲ್ಲ. ಚೌಕಟ್ಟಿಗೂ ಒಮ್ಮೆಯೂ ಗಾರೆ ತಾಗಿರಲಿಲ್ಲ.

"ಗ್ವಾಡಿ ಇಲ್ಲದ ಕಿಡಕಿ ನಾ ನೋಡಿದ್ದು ಇದ ಮೊದಲ ನೋಡ್ರಿ" ಎಂದ ನಾಗಲಿಂಗ.

ನೇತ್ರಾ ಅದನ್ನು ಒರೆಸಿ ಪಡಸಾಲೆಗೆ ತಂದು ಮಾವನನ್ನು ಕೇಳಿದಳು. ಕಲ್ಲಯ್ಯನವರು ಚಹದ ಬಟ್ಟಲು ಕೆಳಗಿಟ್ಟು, ಅದು ಯಾವುದೋ ಹಳೆಯದು, ಮೇಲೆ ಇಡಿಸು ಎಂದರು. ಎಲ್ಲಿಂದ ಬಂತು ಮಾವಾರ ಎಂದು ಅವಳು ಮತ್ತೆ ಕೇಳಿದ್ದಕ್ಕೆ, ನಾ ಎಲ್ಲಿಂದಲೂ ತಂದಿಲ್ಲ ಎಂದರು. ತಂದಿರಿ ಎಂದು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆ ಸಂಜೆ ಪಾತ್ರೆ ತೊಳೆಯುತ್ತ ನೇತ್ರಾ ನೇರವಾಗಿ ಕೇಳಿದಳು, ಇಷ್ಟು ಚಂದದ ಮನೆ ಒಡೆಯಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ ಎಂದು. ಕಾಂತಾ ಬಹಳ ಹೊತ್ತು ತಪ್ಪಲೆಯ ತಳ ತಿಕ್ಕಿದಳು.

"ಒಗ್ಗರಣಿ ಕೊಟ್ಟಾಗೊಮ್ಮೆ ಆ ಮಾಡದ ಕಡಿಂದ ಅಕಿ ಕೆಮ್ಮತಾಳ ನೇತ್ರಾ. ನಾ ಬಂದ ವರ್ಷದಿಂದ ಕೇಳೇನಿ. ಅತ್ತಿಗೆ ಹೇಳಿದ್ದೆ. ಸಾತವ್ವಗ ನಿನ್ನ ಅಡಗಿ ಸೇರವಲ್ದು, ಅದಕ್ಕ ಕೆಮ್ಮತಾಳ ಅಂದ್ರು. ಅವತ್ತಿಂದ ಒಂದ ಚಮಚ ತಗೀಬೇಕಂದ್ರೂ ಅಕ್ಕಾ ತಗೋಲೇನು ಅಂತ ಕೇಳೇ ತಗೊಂಡೇನಿ. ಅಕಿ ಮನ್ಯಾಗ ಜಲ್ಮ ಪೂರ ಅಡಗಿ ಮಾಡೇನಿ. ನನ್ನ ಮನ್ಯಾಗ ಒಂದ ಹೊತ್ತ ಮಾಡಿ ಸಾಯ್ತೀನಿ. ಅಷ್ಟ."

ಕೆಮ್ಮನ್ನು ನಂಬಬೇಕೋ ಬಿಡಬೇಕೋ ನೇತ್ರಾಳಿಗೆ ತಿಳಿಯಲಿಲ್ಲ. ಆದರೆ ಶಿವನಾಮವೆಂದು ತಾನು ಹೊಗಳುತ್ತಿದ್ದದ್ದು ಏನೆಂದು ತಿಳಿಯಿತು, ನಾಚಿಕೆಯಾಯಿತು.

ಹಂಚಿಗಾಗಿ ಖಾನಾಪುರಕ್ಕೆ ಹೋಗಬೇಕಾಯಿತು. ಇಳಿಸುವಾಗ ಕಾಲು ಭಾಗ ಒಡೆದಿದ್ದವು, ಆ ಹಳೆಯ ಅಚ್ಚಿನ ಹಂಚು ಪೇಟೆಯಲ್ಲಿ ಸಿಗುವುದಿಲ್ಲ. ಖಾನಾಪುರದಲ್ಲಿ ತಮ್ಮ ಮನೆಯ ಬಾಜು ಒಂದು ಹಳೆಯ ಮನೆ ಬಿಚ್ಚಿದ್ದಾರೆ, ಅವೇ ಹಂಚು, ಬಂದು ನೋಡಿ ಎಂದು ಈರಯ್ಯ ಫೋನು ಮಾಡಿದ. ಈರಯ್ಯ ಸಾತವ್ವನ ತಮ್ಮ. ಎರಡನೆಯವಳಾಗಿ ಬಂದವಳನ್ನು ಮೊದಲನೆಯವಳ ತವರು ಮಗಳೆಂದೇ ತಿಳಿಯುವುದು ಪದ್ಧತಿ, ಹಾಗಾಗಿ ಅವನಿಗೆ ಕಾಂತಾ ಅಕ್ಕ. ಪಂಚಮಿಗೊಂದು ಸೀರೆ ತಪ್ಪದೆ ಬರುತ್ತಿತ್ತು. ಆದರೆ ಬಸಲಿಂಗವ್ವ ಇರುವ ತನಕ ಕಾಂತಾಳನ್ನು ಅಲ್ಲಿಗೆ ಕಳಿಸಿರಲಿಲ್ಲ, ಆಮೇಲೆ ಹೋದದ್ದೂ ಮದುವೆ ಮಂಟಪಗಳಿಗಷ್ಟೇ. ಈರಯ್ಯ ಬೆಳಗಾವಿಗೆ ಬಂದರೂ ಪಡಸಾಲೆಯಲ್ಲಿ ಕೂತು ಚಹ ಕುಡಿದು ಹೋಗುವವನು, ಒಳಗೆ ಬಂದವನಲ್ಲ. ಭಾನುವಾರ ಚೇತನ ಗಾಡಿ ತೆಗೆದ. ಕಲ್ಲಯ್ಯನವರು ಮೊಣಕಾಲು ನೋವೆಂದು ಬರಲಿಲ್ಲ.

ಈರಯ್ಯನ ಹೆಂಡತಿ ಮರಾಠಿಯಲ್ಲಿ ಬಸಾ ಬಸಾ ಎಂದು ಕೂಡ್ರಿಸಿ ಕನ್ನಡದಲ್ಲಿ ಊಟಕ್ಕೆ ಎಬ್ಬಿಸಿದಳು. ಅಡುಗೆಮನೆಯಲ್ಲೇ ತಟ್ಟೆ ಹಾಕಿದ್ದಳು. ಕಾಂತಾ ಹೊಸ್ತಿಲಲ್ಲಿ ನಿಂತಳು. ಎದುರುಬದುರು ಎರಡು ಕಿಟಕಿ, ಹಿತ್ತಲಿನ ಪೇರಲ ಗಿಡದ ಗಾಳಿ ನೇರ ಒಲೆಯ ತನಕ. ಕಿಟಕಿಯ ಕದದ ಮೇಲೆ ಬಳ್ಳಿಯ ಕೆತ್ತನೆ. ನೇತ್ರಾ ಅದನ್ನು ಕೈಯಿಂದ ಮುಟ್ಟಿ ನೋಡಿ ಅತ್ತೆಯ ಕಡೆ ತಿರುಗಿದಳು.

ತಟ್ಟೆಗೆ ಬಿದ್ದದ್ದು ಅಕ್ಕಿ ಭಕ್ರಿ, ಹುರುಳಿಕಾಳಿನ ಸಾರು. ಉಪಚಾರದ ಮಾತಿಗೆಂದು ಕಾಂತಾ, ಸಾತವ್ವಕ್ಕನ ಕೈಯ ಜೋಳದ ರೊಟ್ಟಿ ಬಹಳ ತೆಳ್ಳಗಂತೆ, ಅತ್ತೆಯವರು ದಿನಾ ನೆನೆಸುತ್ತಿದ್ದರು ಎಂದಳು. ಈರಯ್ಯ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ.

"ಯಾರ, ನಮ್ಮಕ್ಕ? ನಮ್ಮ ಕಡೆ ಜೋಳ ಎಲ್ಲಿಂದ ಬರಬೇಕ ಅಕ್ಕಾ, ಇದು ಭತ್ತದ ಸೀಮಿ. ಅಕಿಗೆ ಜೋಳದ ಹಿಟ್ಟ ನಾದಾಕನೂ ಬರ್ತಿರ್ಲಿಲ್ಲ. ಮ್ಯಾಲ ಅಕಿಗೆ ದಮ್ಮ ಇತ್ತು. ಹೊಗಿ ಮುಂದ ಕುಂತ್ರ ಉಸರ ನಿಲ್ತಿರ್ಲಿಲ್ಲ. ಇಲ್ಲಿದ್ದಾಗ ನಮ್ಮವ್ವ ಅಕಿನ್ನ ಒಲಿ ಕಡೆ ಬಿಡ್ತಿರ್ಲಿಲ್ಲ."

ಕಾಂತಾ ತಟ್ಟೆಯಿಂದ ಕೈ ತೆಗೆದಳು. ಜ್ವರ ಅಂದಿದ್ದರಲ್ಲ ಎಂದು ಕೇಳಿದಳು.

ಜ್ವರ ಕೊನೆಯ ಎರಡು ದಿನ ಬಂದಿರಬೇಕು ಎಂದ ಈರಯ್ಯ. ಅವನ ನಗು ಹೋಗಿತ್ತು. ಅಕ್ಕ ಪಂಚಮಿಗೆ ಬಂದಾಗ ಸೀರೆಯ ದಾರದಿಂದ ಒಂದು ಅಳತೆ ತಂದಿದ್ದಳಂತೆ, ಅಡುಗೆಮನೆಯ ಮಾಡದ ಅಳತೆ. ಅಲ್ಲೊಂದು ಕಿಟಕಿ ಮಾಡಿಸಿ ಕೊಡು ಅಪ್ಪಾ, ಅವರು ಮಾಡಿಸುವುದಿಲ್ಲ ಎಂದು ಕೇಳಿದ್ದಳಂತೆ. ಅಪ್ಪ ಇದೇ ಮನೆಯ ಕಿಟಕಿಯ ಮಾದರಿಯಲ್ಲಿ ಸಾಗವಾನಿಯದು ಮಾಡಿಸಿದ. ಈರಯ್ಯ ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿ, ಬೆಳಗಾವಿಯಲ್ಲಿ ಇಳಿಸಿ, ಶಹಾಪುರದ ತನಕ ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದ.

"ನಿಮ್ಮ ಅತ್ತಿ ಬಾಗಿಲದಾಗ ನಿಂತು ಏನಂದ್ಲು ಗೊತ್ತೈತೇನ? ಬೀಗರು ಕಿಡಕಿ ಕಳಸೂವಷ್ಟ ನಮ್ಮ ಮನಿ ಗತಿಗೆಟ್ಟೈತೇನು ಅಂದ್ಲು. ಓಣ್ಯಾಗಿನ ಮಂದಿ ನಮ್ಮ ಒಲಿ ನೋಡಬೇಕೇನು ಅಂದ್ಲು. ನಾ ಹೊತ್ತಕೊಂಡ ನಿಂತಿದ್ದೆ. ಅಕ್ಕ ಒಳಗಿಂದ ನೋಡಾಕತ್ತಿದ್ಲು. ಮಾಸ್ತರರು ಬಾಜುಕ್ಕ ನಿಂತಿದ್ರು, ತಲಿ ಬಗ್ಗಿಸಿಕೊಂಡು. ಆ ಚಳಿಗಾಲ ಅಕಿ ದಾಟಲಿಲ್ಲ. ಅವತ್ತಿಂದ ನಾ ಆ ಮನಿ ಪಡಸಾಲಿ ದಾಟಿ ಒಳಗ ಹೋಗಿಲ್ಲ."

ಹಂಚು ತುಂಬಿಕೊಂಡು ಮರಳುವಾಗ ಗಾಡಿಯಲ್ಲಿ ನೇತ್ರಾ ಮೊಬೈಲಿನಲ್ಲಿ ತೊಲೆಗಳ ಫೋಟೊ ತೆರೆದು ನೋಡಿದಳು. ಎಷ್ಟು ಚಂದದ ಕಪ್ಪು ನೋಡಿ ಎಂದು ಬರೆದು ಗೆಳತಿಯರಿಗೆಲ್ಲ ಕಳಿಸಿದ್ದಳು. ಆ ಕಪ್ಪಿನಲ್ಲಿ ಎಷ್ಟು ಆ ಹುಡುಗಿಯ ಎದೆಯೊಳಗೆ ಹೋಗಿತ್ತೋ ಎಂದುಕೊಂಡು ಅದನ್ನು ಅಳಿಸಿದಳು.

ಕಾಂತಾ ಸೀರೆ ಕೂಡ ಬದಲಿಸದೆ ಗಂಡನ ಎದುರು ಹೋಗಿ ಕೂತಳು. ಕಲ್ಲಯ್ಯನವರು ಪೇಪರು ಓದುತ್ತಿದ್ದರು.

"ಅತ್ತಿ ಹೋಗಿ ಇಷ್ಟ ವರ್ಷಾತು. ನೀವರೆ ಯಾಕ ಹೇಳಲಿಲ್ಲ?"

"ಏನ?"

"ಸಾತವ್ವಕ್ಕಗ ಜೋಳದ ರೊಟ್ಟಿ ಬರ್ತಿರ್ಲಿಲ್ಲ ಅಂತ. ದಮ್ಮ ಇತ್ತ ಅಂತ. ಆ ಕಿಡಕಿ ಅಕಿ ಬೇಡಿದ್ದು ಅಂತ."

ಪೇಪರು ಮಡಚಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಅವ್ವ ಒಲ್ಲೆ ಅಂದಳು ಎಂದರು. ನೀವು ಏನಂದಿರಿ ಎಂದು ಕಾಂತಾ ಕೇಳಿದಳು. ಬಾಗಿಲಲ್ಲಿ ಚೇತನ, ನೇತ್ರಾ ಇಬ್ಬರೂ ನಿಂತಿದ್ದರು. ಮಗ ಸೊಸೆಯರ ಮುಂದೆ ತಾವು ಚಿಕ್ಕವರಾಗುತ್ತಿದ್ದೇವೆ ಎಂದು ಮಾಸ್ತರರಿಗೆ ಗೊತ್ತಿತ್ತು, ಆದರೂ ಅವರು ಸುಳ್ಳು ಹೇಳಲಿಲ್ಲ.

"ನಾ ಏನೂ ಅನ್ನಲಿಲ್ಲ. ಅಕಿ ಹೋದ ಮ್ಯಾಲ ಅವ್ವ ಮಾಡದಾಗ ಖಣ ಇಟ್ಲು. ಎಡಿ ಇಟ್ರ ಮನಸಿಗೆ ಸಮಾಧಾನ ಆಗ್ತಿತ್ತು. ಅದಕ್ಕ ಸುಮ್ಮನಿದ್ದೆ."

"ಸಮಾಧಾನ ನಿಮಗ. ಎಡಿ ಇಟ್ಟಾಕಿ ನಾನು, ಅಂಜಿ ಬದುಕಿದಾಕಿನೂ ನಾನ." ಕಾಂತಾಳ ದನಿ ಏರಿರಲಿಲ್ಲ. "ನನ್ನ ಅಡಗಿಗೆ ಹೆಸರಿಟ್ಟು ಕೆಮ್ಮತಾಳ ಅಂತ ತಿಳಕೊಂಡಿದ್ದೆ. ಅಕಿ ಹೊಗಿಗೆ ಕೆಮ್ಮತಿದ್ಲು. ಅಕಿಗೆ ಉಸರ ಬೇಕಾಗಿತ್ತು, ನಾವ ಅನ್ನ ಇಟಗೋತ ಕುಂತಿವಿ."

ಅವಳಿಗೆ ಅಳು ಬಂತು. ತನಗಾಗಿ ಅಲ್ಲ, ಆ ಖಾನಾಪುರದ ಹುಡುಗಿಗಾಗಿ. ಸವತಿಯೆಂದು, ಒಡತಿಯೆಂದು ಇಷ್ಟು ದಿನ ಹೆದರಿದವಳು ಆ ಒಲೆಯ ಮುಂದೆ ತನ್ನ ಹಾಗೆಯೇ ಇನ್ನೊಬ್ಬರ ಮನೆಯಲ್ಲಿ ನಿಂತವಳು. ಆ ಅಡುಗೆಮನೆ ಇಬ್ಬರದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾಗಲಿಂಗ ಬಂದಾಗ ಕಲ್ಲಯ್ಯನವರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಗಾರೆಯ ರಾಶಿಯ ಮೇಲೆ ಕಾಲಿಟ್ಟು ಅಡುಗೆಮನೆಯೊಳಗೆ ಹೋದರು. ಮಾಡದಿಂದ ಖಣವನ್ನು ತಾವೇ ತೆಗೆದರು, ಮಡಿಕೆಗಳಲ್ಲಿ ಅದು ಬಿಟ್ಟುಹೋಗುತ್ತಿತ್ತು. ಅದನ್ನು ತಮ್ಮ ಟ್ರಂಕಿನಲ್ಲಿ ಇಟ್ಟು ಬಂದು, ಒಡಿ ಎಂದು ಆಳಿಗೆ ಹೇಳಿ, ಹೋಗದೆ ಅಲ್ಲೇ ನಿಂತರು. ಗೋಡೆಯ ಧೂಳು ಮೈಮೇಲೆಲ್ಲ ಕೂತರೂ ಅಲುಗಲಿಲ್ಲ. ಮಾಡದ ಹಿಂದಿನ ಕಲ್ಲು ಸಡಿಲಾಗಿ ಓಣಿಯೊಳಗೆ ಬಿದ್ದಾಗ ಆ ಗೋಡೆಯಿಂದ ಮೊದಲ ಸಲ ಹಗಲು ಒಳಗೆ ಬಂತು. ನಾಗಲಿಂಗ ಚೌಕಟ್ಟನ್ನು ಎತ್ತಿ ಇಟ್ಟು ನೋಡಿದ. ಎಲ್ಲಿಯೂ ಕೆತ್ತಬೇಕಾಗಲಿಲ್ಲ, ದಾರದ ಅಳತೆ ಸರಿಯಿತ್ತು.

ಉಳಿದದ್ದನ್ನು ಒಡೆಯುವ ಮಾತನ್ನು ಕಾಂತಾ ಮತ್ತೆ ಎತ್ತಲಿಲ್ಲ. ಕಟ್ಟೆ ಇರಲಿ, ಅಕ್ಕನೂ ಅದರ ಮುಂದೆ ನಿಂತವಳು ಎಂದಳು. ತೊಲೆಗಳ ಕಪ್ಪನ್ನು ಕೆರೆಸಿಬಿಡಲು ಹೇಳಿದವಳು ನೇತ್ರಾ. ಮಸಿಯ ಕೆಳಗೆ ಮರ ಕೆಂಪಗಿತ್ತು. ನಾಗಲಿಂಗನ ಮಾತು, ಆಳುಗಳ ಜಾತ್ರೆ ರಜೆ, ನಲ್ಲಿಯವನ ಸುಳ್ಳು ಎಲ್ಲ ಸೇರಿ ಕೆಲಸ ಮುಗಿಯುವಾಗ ಎಳ್ಳಮಾಸಿ ದಾಟಿ ಸಂಕ್ರಾಂತಿ ಹತ್ತಿರ ಬಂತು. ಹಬ್ಬಕ್ಕೆ ಬರಲು ಈರಯ್ಯನಿಗೆ ಹೇಳಿಕಳಿಸಿದರು.

ಹೊಸದಾಗಿ ಹೊದಿಸಿದ ಹಂಚಿನ ಕೆಳಗೆ ಮೊದಲ ಅಡುಗೆಗೆ ಕಾಂತಾ ಅಕ್ಕಿ ಹಿಟ್ಟು ನಾದಿದಳು. ಈರಯ್ಯ ಪಡಸಾಲೆಯಲ್ಲಿ ಭಾವನ ಎದುರು ಕೂತಿದ್ದ. ಕಲ್ಲಯ್ಯನವರು ಎದ್ದು ಅವನ ಕೈ ಹಿಡಿದು, ಒಳಗ ಬಾ, ಕಿಡಕಿ ಹಚ್ಚೇವಿ, ನೋಡು ಎಂದರು. ಈರಯ್ಯ ಬಾಗಿಲ ತನಕ ಬಂದು ಕಿಟಕಿಯನ್ನು ನೋಡಿದ. ಎಡಗೈ ತನ್ನಷ್ಟಕ್ಕೆ ಹೆಗಲ ಮೇಲೆ ಹೋಯಿತು. ಅವನು ಒಳಗೆ ಬಂದು ಗೋಡೆಗೆ ಆನಿಕೊಂಡು ಕೂತ.

ಸೃಷ್ಟಿ ಡಬ್ಬಿಗಳನ್ನು ತಂದು ಜೋಡಿಸುತ್ತಿದ್ದಳು. ಉಪ್ಪಿನ ಭರಣಿಯನ್ನು ಕಿಟಕಿಯ ಕೆಳಗೆ ಇಟ್ಟಳು. ನೇತ್ರಾ ನೋಡಿದ ಕೂಡಲೇ ಹೇಳಿದಳು.

"ಅಲ್ಲಿಡಬ್ಯಾಡ ಸೃಷ್ಟಿ. ಆಯಿ ಅಲ್ಲಿಡೂದಿಲ್ಲ."

ಕಾಂತಾಳ ಕೈ ಹಿಟ್ಟಿನಲ್ಲಿ ನಿಂತಿತು. ಬಸಲಿಂಗವ್ವನ ಮಾತು ಅದೇ, ಹೆಸರು ಮಾತ್ರ ಬೇರೆ. ಸೊಸೆ ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದಳು. ಸತ್ತವರು ಮನೆಯಲ್ಲಿ ಉಳಿಯುವುದು ಹೀಗೆಯೇ ಇರಬೇಕು, ಉಳಿದವರ ಬಾಯಿಯಲ್ಲಿ.

"ನಾ ಇನ್ನೂ ಇದ್ದೇನಿ, ನೇತ್ರಾ" ಎಂದಳು. "ನಾ ಹೋದ ಮ್ಯಾಲನೂ ನನ್ನ ಹೆಸರ ಮುಂದ ಮಾಡಿ ಈ ಹುಡುಗಿಗೆ ಏನೂ ಹೇಳಬ್ಯಾಡ. ನಿನಗ ಬ್ಯಾಡಾಗಿದ್ರ ನನಗ ಬ್ಯಾಡ ಅಂತ ಹೇಳು."

ನೇತ್ರಾ ಭರಣಿಯ ಕಡೆ ನೋಡಿ, ನನಗೇನೂ ಬೇಡಾಗಿಲ್ಲ, ಅಲ್ಲೇ ಇರಲಿ ಎಂದಳು. ಭರಣಿ ಕಿಟಕಿಯ ಕೆಳಗೇ ಉಳಿಯಿತು. ಕಾಂತಾ ತುಟಿ ಅಲುಗಿಸದೆ ಅದರಿಂದ ಉಪ್ಪು ತೆಗೆದಳು.

ಎಡೆಗೆ ತಟ್ಟೆ ಇರಲಿಲ್ಲ, ಕಲ್ಲಯ್ಯನವರೂ ಕೇಳಲಿಲ್ಲ. ಕಾಂತಾ ಹುರುಳಿ ಸಾರಿಗೆ ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟಳು. ಘಾಟು ಮೇಲೆದ್ದು, ಒಂದು ಕ್ಷಣ ಕೋಣೆಯಲ್ಲಿ ಸುತ್ತಿ, ಕಿಟಕಿಯಿಂದ ಹೊರಗೆ ಹೋಯಿತು. ಆಗ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಹೆಂಗಸಿನದು. ಕಾಂತಾಳಿಗೊಬ್ಬಳಿಗೇ ಅಲ್ಲ, ಈ ಸಲ ಎಲ್ಲರಿಗೂ ಕೇಳಿಸಿತು. ಕಲ್ಲಯ್ಯನವರು ಗೋಡೆ ಹಿಡಿದುಕೊಂಡರು. ಈರಯ್ಯ ತಲೆಯೆತ್ತಿದ. ಕೆಮ್ಮು ಓಣಿಯಿಂದ ಬಂದಿತ್ತು.

ಸೃಷ್ಟಿ ಕಟ್ಟೆ ಹತ್ತಿ ಸಲಾಕಿಗಳ ನಡುವೆ ಮುಖ ಇಟ್ಟು ಆಚೆ ಈಚೆ ನೋಡಿದಳು. ಹಬ್ಬದ ದಿನ, ಮಗ್ಗಗಳು ನಿಂತಿದ್ದವು.

"ಯಾರೂ ಇಲ್ಲ ಆಯಿ."

"ಇರ್ಲಿ ಬಿಡು" ಎಂದಳು ಕಾಂತಾ. "ಹೊರಗ ಹೋದ್ಲಲ್ಲ."

ತವೆಯ ಮೇಲಿನ ಭಕ್ರಿ ಹೊತ್ತುತ್ತಿತ್ತು. ಅವಳು ಅದನ್ನು ಮಗುಚಿ ಹಾಕಿ, ಎಲ್ಲರಿಗೂ ತಟ್ಟೆ ಇಡಲು ಸೊಸೆಗೆ ಹೇಳಿದಳು.